ಪಿಎಸ್‌ಎ ಇಳಿದಿದೆ, ಇನ್ನೂ ಆಪರೇಷನ್ ಬೇಕಾ?

ಈ ಸಲ ಬಂದ ಪತ್ರಗಳಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಬಗ್ಗೆ ಕೇಳಿದವೇ ಜಾಸ್ತಿ. ಬರೆದವರು ಹೆಚ್ಚಾಗಿ ಮಕ್ಕಳು, ಹೆಂಡತಿಯರು, ತಮ್ಮಂದಿರು. ತಮ್ಮ ಕ್ಯಾನ್ಸರಿನ ಬಗ್ಗೆ ತಾವೇ ಕೇಳಿ ಬರೆದದ್ದು ಒಂದೇ ಪತ್ರ. ಅದಕ್ಕೂ ಉತ್ತರ ಕೆಳಗಿದೆ. ಎಲ್ಲ ಪತ್ರಗಳಲ್ಲೂ ಸುತ್ತಿ ಬಳಸಿ ಬರುವ ಮಾತು ಹಾರ್ಮೋನ್ ಇಂಜೆಕ್ಷನ್ನಿನದು. ಹಾಗಾಗಿ ಈ ಸಂಚಿಕೆಯ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಪತ್ರಗಳಲ್ಲಿ ಬರುವ ಪಿಎಸ್‌ಎ ಅಂದರೆ ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಒಂದು ಪ್ರೋಟೀನ್, ಅದನ್ನು ರಕ್ತದಲ್ಲಿ ಅಳೆಯುತ್ತಾರೆ. ಗ್ಲೀಸನ್ ಅಂದರೆ ಬಯಾಪ್ಸಿಯ ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಕ್ಯಾನ್ಸರ್ ಎಷ್ಟು ಜೋರಿದೆ ಅಂತ ಕೊಡುವ ಅಂಕ.

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಮ್ಮ ಅಪ್ಪಾಜಿಗೆ 66 ವರ್ಷ. ವ್ಯವಸಾಯ ಮಾಡುತ್ತಾರೆ. ಮೂತ್ರಕ್ಕೆ ರಾತ್ರಿ ನಾಲ್ಕೈದು ಸಲ ಏಳುತ್ತಿದ್ದರು ಅಂತ ತೋರಿಸಿದಾಗ ಪಿಎಸ್‌ಎ 18 ಬಂತು. ಬಯಾಪ್ಸಿಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್, ಗ್ಲೀಸನ್ 4+3 ಅಂತ ಬರೆದಿದ್ದಾರೆ. ಸ್ಕ್ಯಾನ್‌ನಲ್ಲಿ ಬೇರೆ ಕಡೆ ಹರಡಿಲ್ಲ. ಆಪರೇಷನ್‌ಗೆ ಮೂರು ತಿಂಗಳ ನಂತರದ ಡೇಟ್ ಕೊಟ್ಟು, ಅಲ್ಲಿಯವರೆಗೆ ಇರಲಿ ಅಂತ ಹೊಟ್ಟೆಗೆ ಮೂರು ತಿಂಗಳ ಇಂಜೆಕ್ಷನ್ ಹಾಕಿದರು. ಈಗ ಪಿಎಸ್‌ಎ 0.9 ಆಗಿದೆ. ಅಪ್ಪಾಜಿ ‘ಕಾಯಿಲೆ ಹೋಯ್ತು, ಇನ್ನೇನಕ್ಕೆ ಆಪರೇಷನ್’ ಅಂತ ಹಟ ಹಿಡಿದಿದ್ದಾರೆ. ಮನೆಯಲ್ಲಿ ಎಲ್ಲರಿಗೂ ಹಾಗೇ ಅನ್ನಿಸುತ್ತಿದೆ. ಏನು ಮಾಡಲಿ?
– ಓದುಗರು, ದಾವಣಗೆರೆ ಜಿಲ್ಲೆ

ಉತ್ತರ: ಮೊದಲು ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಆಪರೇಷನ್ ಡೇಟ್ ಬಿಡಬೇಡಿ. ಪಿಎಸ್‌ಎ ಇಳಿದಿದೆ, ನಿಜ. ಆದರೆ ಕ್ಯಾನ್ಸರ್ ಹೋಗಿಲ್ಲ.

ಪ್ರಾಸ್ಟೇಟ್ ಅನ್ನುವುದು ಮೂತ್ರಕೋಶದ ಕೆಳಗೆ, ಮೂತ್ರ ಬರುವ ದಾರಿಯನ್ನು ಸುತ್ತಿಕೊಂಡು ಕೂತಿರುವ ಗ್ರಂಥಿ. ದೊಡ್ಡ ನೆಲ್ಲಿಕಾಯಿ ಗಾತ್ರ ಅಂದುಕೊಳ್ಳಿ. ಅದು ಬೆಳೆಯುವುದು, ಕೆಲಸ ಮಾಡುವುದು ಎಲ್ಲ ಟೆಸ್ಟೋಸ್ಟಿರೋನ್ ಅನ್ನುವ ಗಂಡು ಹಾರ್ಮೋನಿನ ಬಲದಿಂದ. ಅಲ್ಲಿ ಹುಟ್ಟಿದ ಕ್ಯಾನ್ಸರಿಗೂ ಅದೇ ಆಹಾರ. ಅಪ್ಪಾಜಿಗೆ ಹಾಕಿದ ಇಂಜೆಕ್ಷನ್ ಮಿದುಳಿನ ಕಡೆಯಿಂದ ವೃಷಣಗಳಿಗೆ ಹೋಗುವ ಸೂಚನೆಯನ್ನೇ ನಿಲ್ಲಿಸುತ್ತದೆ. ಸೂಚನೆ ಬರದಿದ್ದರೆ ವೃಷಣ ಟೆಸ್ಟೋಸ್ಟಿರೋನ್ ಮಾಡುವುದಿಲ್ಲ. ಆಹಾರ ಸಿಗದೆ ಗ್ರಂಥಿ ಕುಗ್ಗುತ್ತದೆ, ಕ್ಯಾನ್ಸರ್ ಕಣಗಳೂ ಕುಗ್ಗುತ್ತವೆ. ಪಿಎಸ್‌ಎ ತಯಾರಿಸುವುದಕ್ಕೇ ಆ ಕಣಗಳಿಗೆ ಈ ಹಾರ್ಮೋನ್ ಬೇಕು, ಹಾಗಾಗಿ ಕಣ ಸಾಯದೆ ಸುಮ್ನೆ ಮಲಗಿದ್ದರೂ ರಕ್ತದಲ್ಲಿ ಪಿಎಸ್‌ಎ ಬಿದ್ದುಹೋಗುತ್ತದೆ.

ನಿಮ್ಮ ತಂದೆ ವ್ಯವಸಾಯ ಮಾಡುವವರು ಅಂದಿರಿ. ಅವರಿಗೆ ಜೇಕಿನ ಉದಾಹರಣೆ ಕೊಡಿ. ನೀರು ನಿಲ್ಲಿಸಿದರೆ ಹೊಲದಲ್ಲಿ ಜೇಕು ಮೇಲೆ ಒಣಗಿ ಹೋದ ಹಾಗೆ ಕಾಣುತ್ತದೆ. ಮಣ್ಣಿನೊಳಗೆ ಗಡ್ಡೆ ಹಾಗೇ ಇರುತ್ತದೆ. ಒಂದು ಮಳೆ ಬಿದ್ದರೆ ಸಾಕು. ಇಂಜೆಕ್ಷನ್ನಿನ ಬಲ ಇಳಿದು ಹಾರ್ಮೋನ್ ವಾಪಸ್ ಬಂದಾಗ ಇಲ್ಲಿ ಆಗುವುದೂ ಅದೇ. ಇಂಜೆಕ್ಷನ್ ಮುಂದುವರಿಸುತ್ತಾ ಹೋದರೆ ಆಗಲ್ವಾ ಅಂತ ಕೇಳಬಹುದು. ಮುಂದುವರಿಸಿದರೂ ಕೆಲವು ವರ್ಷಗಳಲ್ಲಿ ಕೆಲವು ಕಣಗಳು ಆ ಹಾರ್ಮೋನ್ ಇಲ್ಲದೆಯೇ ಬದುಕುವುದನ್ನು ಕಲಿತುಬಿಡುತ್ತವೆ. ಹರಡದ ಕ್ಯಾನ್ಸರನ್ನು ಬುಡಸಮೇತ ತೆಗೆಯುವ ಅವಕಾಶ ಈಗ ಇದೆ. ಅದನ್ನು ಕಳೆದುಕೊಳ್ಳುವುದು ಬೇಡ.

ಇನ್ನು ನೀವು ಕೇಳದ ಒಂದು ವಿಷಯ ಹೇಳುತ್ತೇನೆ, ಯಾಕೆಂದರೆ ಮುಂದೆ ಬೇರೆ ಮನೆಯವರಿಗೂ ಇದು ಬೇಕಾಗುತ್ತದೆ. ಆಪರೇಷನ್ನಿಗೆ ಮುಂಚೆ ಈ ಇಂಜೆಕ್ಷನ್ ಕೊಡಲೇಬೇಕಿತ್ತಾ? ಸಾಮಾನ್ಯವಾಗಿ ಬೇಕಿಲ್ಲ.

ಈ ಯೋಚನೆ ಹುಟ್ಟಿದ್ದು ತಪ್ಪು ಕಾರಣಕ್ಕಲ್ಲ. ಗಡ್ಡೆ ಕುಗ್ಗಿಸಿ ಆಮೇಲೆ ತೆಗೆದರೆ ಪೂರ್ತಿ ತೆಗೆಯುವುದು ಸುಲಭ, ಅಂಚಿನಲ್ಲಿ ಏನೂ ಉಳಿಯುವುದಿಲ್ಲ ಅನ್ನುವ ಆಸೆ. 1990ರ ದಶಕದಲ್ಲಿ ಅಮೆರಿಕ, ಕೆನಡಾ, ಯುರೋಪಿನಲ್ಲಿ ಇದನ್ನು ಸರಿಯಾಗಿ ಪರೀಕ್ಷೆ ಮಾಡಿ ನೋಡಿದರು. ಅಮೆರಿಕದ ಒಂದು ಪ್ರಯೋಗದಲ್ಲಿ ಅರ್ಧ ಜನರಿಗೆ ಮೂರು ತಿಂಗಳು ಲ್ಯೂಪ್ರೊಲೈಡ್ ಇಂಜೆಕ್ಷನ್, ಜೊತೆಗೆ ಫ್ಲುಟಮೈಡ್ ಮಾತ್ರೆ ಕೊಟ್ಟು ಆಪರೇಷನ್ ಮಾಡಿದರು. ಉಳಿದರ್ಧ ಜನರಿಗೆ ನೇರವಾಗಿ ಆಪರೇಷನ್. ತೆಗೆದ ಗ್ರಂಥಿಯ ಅಂಚಿನಲ್ಲಿ ಕ್ಯಾನ್ಸರ್ ಕಂಡದ್ದು ನೇರ ಆಪರೇಷನ್ ಆದವರಲ್ಲಿ ನೂರಕ್ಕೆ 48 ಜನರಿಗೆ. ಔಷಧಿ ತೆಗೆದುಕೊಂಡವರಲ್ಲಿ 18 ಜನರಿಗೆ ಮಾತ್ರ. ನೋಡಿದವರಿಗೆಲ್ಲ ಖುಷಿಯೋ ಖುಷಿ. ಐದು ವರ್ಷ ಕಾದು ಮತ್ತೆ ಲೆಕ್ಕ ಹಾಕಿದರು. ಪಿಎಸ್‌ಎ ಮತ್ತೆ ಏರದೆ ಚೆನ್ನಾಗಿದ್ದವರು ಒಂದು ಗುಂಪಿನಲ್ಲಿ ನೂರಕ್ಕೆ ಸುಮಾರು 65, ಇನ್ನೊಂದರಲ್ಲಿ ಸುಮಾರು 68. ಆ 65 ಇದ್ದದ್ದು ಔಷಧಿ ತೆಗೆದುಕೊಂಡವರ ಗುಂಪು. ಅಂದರೆ ವ್ಯತ್ಯಾಸವೇ ಇಲ್ಲ. ಮೂರು ತಿಂಗಳು ಸಾಲದೇನೋ ಅಂತ ಕೆನಡಾದವರು ಮೂರು ತಿಂಗಳಿಗೂ ಎಂಟು ತಿಂಗಳಿಗೂ ಹೋಲಿಸಿದರು. ಎಂಟು ತಿಂಗಳು ಕೊಟ್ಟಾಗ ಅಂಚು ಇನ್ನೂ ಚೊಕ್ಕವಾಗಿ ಬಂತು. ಕಾಯಿಲೆ ಮರಳುವುದು ಮಾತ್ರ ಕಡಿಮೆಯಾಗಲಿಲ್ಲ.

ಹಾಗಾದರೆ ಅಂಚು ಚೊಕ್ಕವಾದದ್ದು ಸುಳ್ಳಾ? ಪೂರ್ತಿ ಸುಳ್ಳಲ್ಲ. ಆದರೆ ಔಷಧಿಯಿಂದ ಕುಗ್ಗಿದ ಕ್ಯಾನ್ಸರ್ ಕಣ ಮೈಕ್ರೋಸ್ಕೋಪಿನಲ್ಲಿ ಎಷ್ಟು ಸಣ್ಣಗೆ, ಎಷ್ಟು ಬಿಡಿಬಿಡಿಯಾಗಿ ಕಾಣುತ್ತದೆ ಅಂದರೆ ಅನುಭವಸ್ಥರ ಕಣ್ಣಿಗೂ ತಪ್ಪಿಹೋಗಬಹುದು. ಮತ್ತೆ, ಆಪರೇಷನ್ನಿಗೆ ಮುಂಚೆಯೇ ಗ್ರಂಥಿ ಬಿಟ್ಟು ಹೊರಗೆ ಹೋಗಿರುವ ಕಣ ಇದ್ದರೆ ಅದು ಅಂಚು ಚೊಕ್ಕ ಮಾಡಿದ್ದರಿಂದ ಸಾಯುವುದಿಲ್ಲ.

ನಾನೂ ಆ ಕಾಲದಲ್ಲಿ ಈ ಇಂಜೆಕ್ಷನ್ ಕೊಟ್ಟು ಆಪರೇಷನ್ ಮಾಡಿದವರ ಪೈಕಿ. ಗ್ರಂಥಿ ಚಿಕ್ಕದಾಗಿರುತ್ತಿತ್ತು, ಅದು ಕಣ್ಣಿಗೆ ಕಾಣುತ್ತಿತ್ತು. ಆದರೆ ಬಿಡಿಸುವುದು ಸುಲಭವಾಗಿರಲಿಲ್ಲ. ಔಷಧಿ ಕೊಡದ ಪ್ರಾಸ್ಟೇಟ್ ಸುತ್ತ ಪದರಗಳು ಕೊಡಗಿನ ಕಿತ್ತಳೆ ಸಿಪ್ಪೆಯ ಹಾಗೆ ಬೆರಳಿಗೆ ಬಿಟ್ಟುಕೊಡುತ್ತವೆ. ಔಷಧಿ ಕೊಟ್ಟದ್ದು ಮೂಸಂಬಿ ಇದ್ದ ಹಾಗೆ, ಸಿಪ್ಪೆ ಒಳಗಿನ ತೊಳೆಗೇ ಅಂಟಿಕೊಂಡಿರುತ್ತದೆ. ನಿಮಿರುವಿಕೆಗೆ ಬೇಕಾದ ಸಣ್ಣ ನರಗಳು ಆ ಪದರದಲ್ಲೇ ಹಾದುಹೋಗುವುದರಿಂದ ಅವನ್ನು ಉಳಿಸುವ ಕೆಲಸ ಅಲ್ಲಿ ತುಂಬ ತಾಳ್ಮೆ ಬೇಡುತ್ತದೆ. ಪ್ರಯೋಗಗಳ ಫಲಿತಾಂಶ ಬಂದ ಮೇಲೆ ನಾನು ನಿಲ್ಲಿಸಿದೆ. ಯುರೋಪಿನ ಯೂರಾಲಜಿ ಮಾರ್ಗಸೂಚಿಯೂ ಆಪರೇಷನ್ನಿಗೆ ಮುಂಚೆ ಹಾರ್ಮೋನ್ ಚಿಕಿತ್ಸೆ ಕೊಡಬೇಡಿ ಅಂತಲೇ ಹೇಳುತ್ತದೆ. ಹೊಸ ಕಾಲದ ಬಲವಾದ ಮಾತ್ರೆಗಳನ್ನು ಇಂಜೆಕ್ಷನ್ ಜೊತೆ ಸೇರಿಸಿ, ತುಂಬ ಅಪಾಯದ ಕ್ಯಾನ್ಸರ್ ಇರುವವರಿಗೆ ಆಪರೇಷನ್ನಿನ ಮುಂಚೆ ಮತ್ತು ನಂತರ ಕೊಟ್ಟು ನೋಡುವ ಪ್ರಯೋಗಗಳು ಬೇರೆ ಇವೆ. ಅವುಗಳ ಮಾತು ಬೇರೆ, ಊರಿನ ಆಸ್ಪತ್ರೆಯಲ್ಲಿ ಡೇಟ್ ಸಿಗುವವರೆಗೆ ಹಾಕುವ ಒಂದು ಇಂಜೆಕ್ಷನ್ನಿನ ಮಾತು ಬೇರೆ.

ಹಾಗಂತ ನಿಮ್ಮ ಡಾಕ್ಟರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಕಾಯುವ ಕಾಲ ಉದ್ದವಾದಾಗ, ಕಾಯಿಲೆ ಸ್ವಲ್ಪ ಜೋರಿದ್ದಾಗ, ಆಪರೇಷನ್ ಆಗುವವರೆಗೆ ತಡೆದು ಹಿಡಿಯಲು ಹೀಗೆ ಕೊಡುವುದುಂಟು. 2020ರಲ್ಲಿ ಕೋವಿಡ್ ಬಂದು ಆಪರೇಷನ್ ಥಿಯೇಟರುಗಳೇ ಬಂದ್ ಆದಾಗ ಜಗತ್ತಿನ ಎಷ್ಟೋ ಕಡೆ ಹೀಗೇ ಮಾಡಿದರು. ಒಂದು ಇಂಜೆಕ್ಷನ್ನಿನಿಂದ ಅಪ್ಪಾಜಿಗೆ ದೊಡ್ಡ ನಷ್ಟವೇನೂ ಆಗಿರುವುದಿಲ್ಲ. ‘ಯಾಕೆ ಕೊಟ್ಟಿರಿ ಸಾರ್, ಕಾಯಲಿಕ್ಕಾ ಕುಗ್ಗಿಸಲಿಕ್ಕಾ, ಮುಂದೆ ಇನ್ನೊಂದು ಇದೆಯಾ’ ಅಂತ ನೇರವಾಗಿ ಕೇಳಿ. ಕೇಳುವುದು ನಿಮ್ಮ ಹಕ್ಕು.

ಇನ್ನೊಂದು, ಮರೆಯಬೇಡಿ. ಆಪರೇಷನ್ ಆದ ಮೇಲೆ ಗ್ರಂಥಿಯನ್ನು ಪರೀಕ್ಷೆಗೆ ಕಳಿಸುವ ಚೀಟಿಯಲ್ಲಿ ‘ಹಾರ್ಮೋನ್ ಇಂಜೆಕ್ಷನ್ ಆಗಿದೆ’ ಅಂತ ತಾರೀಖು ಸಮೇತ ಬರೆಯಲು ಹೇಳಿ. ಇಂಜೆಕ್ಷನ್ ಆದ ಮೇಲೆ ಗ್ಲೀಸನ್ ಲೆಕ್ಕ ನಂಬಿಕೆಗೆ ಬರುವುದಿಲ್ಲ, ಇರುವುದಕ್ಕಿಂತ ಕೆಟ್ಟದಾಗಿ ಕಾಣಬಹುದು. ಅದು ಗೊತ್ತಿಲ್ಲದೆ ಬರೆದ ರಿಪೋರ್ಟ್ ನೋಡಿ ಮನೆಯವರೆಲ್ಲ ಗಾಬರಿಯಾಗುವುದನ್ನು ನಾನು ಕಂಡಿದ್ದೇನೆ. ಮೊದಲ ಬಯಾಪ್ಸಿ ರಿಪೋರ್ಟನ್ನು ಲ್ಯಾಮಿನೇಟ್ ಮಾಡಿಸಬೇಡಿ, ಎರಡು ಜೆರಾಕ್ಸ್ ಮಾಡಿಸಿ ಜೋಪಾನವಾಗಿ ಇಡಿ. ಮುಂದಿನ ತೀರ್ಮಾನಗಳೆಲ್ಲ ಅದರ ಮೇಲೇ ನಿಲ್ಲುತ್ತವೆ.

ಪ್ರಶ್ನೆ: ನಮ್ಮ ಯಜಮಾನರಿಗೆ 63. ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಗೊತ್ತಾಗಿ ಆಪರೇಷನ್ ಅಂದಿದ್ದರು. ಶುಗರ್ ಜಾಸ್ತಿ ಇದೆ ಅಂತ ಮುಂದೆ ಹಾಕಿ ಇಂಜೆಕ್ಷನ್ ಕೊಟ್ಟರು. ಅದಾದ ತಿಂಗಳಿಂದ ಅವರು ಅವರಾಗಿಲ್ಲ. ಚಳಿಯಲ್ಲೂ ಫ್ಯಾನ್ ಪೂರ್ತಿ ಜೋರಾಗಿ ಇಡುತ್ತಾರೆ, ಬೆಳಗ್ಗೆ ದಿಂಬಿನ ಕವರ್ ಒದ್ದೆ. ಮುಖ ಕೆಂಪಗಾಗುತ್ತದೆ. ಮೊನ್ನೆ ಮೊಮ್ಮಗಳ ಮೇಲೆ ರೇಗಿದರು, ಆಮೇಲೆ ಹಿತ್ತಲಲ್ಲಿ ನಿಂತು ಅತ್ತರು. ಮೂವತ್ತೆಂಟು ವರ್ಷದಲ್ಲಿ ಅವರು ಅತ್ತದ್ದು ನಾನು ನೋಡಿರಲಿಲ್ಲ. ಕ್ಯಾನ್ಸರ್ ತಲೆಗೆ ಏರಿದೆಯಾ ಅಂತ ಭಯ.
– ಓದುಗರು, ಹಾಸನ

ಉತ್ತರ: ಅಮ್ಮಾ, ನಿಮ್ಮ ಪತ್ರ ಓದಿ ಮನಸ್ಸು ಭಾರವಾಯಿತು. ನೀವು ಬರೆದ ಲಕ್ಷಣಗಳೆಲ್ಲ ಇಂಜೆಕ್ಷನ್ನಿನವು. ಅವು ಕ್ಯಾನ್ಸರ್ ತಲೆಗೆ ಏರಿದ್ದರ ಲಕ್ಷಣಗಳಲ್ಲ.

ಮುಟ್ಟು ನಿಲ್ಲುವ ವಯಸ್ಸಿನಲ್ಲಿ ನಿಮಗೂ ಹೀಗೇ ಕಿವಿಯಿಂದ ಬಿಸಿ ಏರಿ, ಬೆವರಿ, ಸುಮ್‌ಸುಮ್ನೆ ಅಳು ಬಂದಿರಬಹುದು, ಅಲ್ವಾ? ಹೆಣ್ಣಿಗೆ ನಾಲ್ಕೈದು ವರ್ಷದಲ್ಲಿ ನಿಧಾನವಾಗಿ ಆಗುವ ಬದಲಾವಣೆ ಇವರಿಗೆ ಎರಡು ಮೂರು ವಾರದಲ್ಲಿ ಆಗಿದೆ. ಗಂಡು ಹಾರ್ಮೋನ್ ಒಂದೇ ಸಲ ನೆಲ ಕಚ್ಚಿದೆ. ಮೈ ಬಿಸಿಯಾಗುವುದು, ಬೆವರು, ಸುಸ್ತು, ಸಿಡುಕು, ಅಳು, ಹೊಟ್ಟೆಯ ಸುತ್ತ ಬೊಜ್ಜು, ದಾಂಪತ್ಯದ ಆಸೆ ಇಲ್ಲದಾಗುವುದು, ಎಲ್ಲ ಅದರಿಂದಲೇ. ಯಾರೂ ಮುಂಚೆ ಅವರಿಗೆ ಇದನ್ನು ಕೂರಿಸಿಕೊಂಡು ಹೇಳಿಲ್ಲ ಅಂತ ಕಾಣುತ್ತದೆ. ಇಂಜೆಕ್ಷನ್ ಹಾಕುವ ಐದು ನಿಮಿಷದಲ್ಲಿ ಹೇಳಬಹುದಾಗಿದ್ದ ಮಾತು ಅದು. ಹೇಳದಿದ್ದರೆ ಮನುಷ್ಯ ತನಗೆ ತಲೆ ಕೆಟ್ಟಿತೇ ಅಂತ ಒಬ್ಬನೇ ಕೊರಗುತ್ತಾನೆ. ನನಗೆ ಬೇಸರವಾಗುವುದು ಅಲ್ಲಿ.

ಇವತ್ತೇ ಅವರ ಪಕ್ಕ ಕೂತು ಹೇಳಿ: ‘ಇದು ಔಷಧಿ ಮಾಡಿಸುತ್ತಿರುವುದು, ನೀವಲ್ಲ. ನನಗೂ ಆಗಿತ್ತು.’ ಇಷ್ಟು ಕೇಳಿದರೆ ಅರ್ಧ ಭಾರ ಇಳಿಯುತ್ತದೆ. ಮನೆಯಲ್ಲಿ ಕಾಟನ್ ಬಟ್ಟೆ, ರಾತ್ರಿ ಹಾಸಿಗೆ ಪಕ್ಕ ಒಂದು ಚೊಂಬು ತಣ್ಣೀರು, ಒದ್ದೆ ಟವೆಲ್ ಇಡಿ. ಕುದಿಯುವ ಕಾಫಿ, ಖಾರ, ಮದ್ಯ ಕೆಲವರಿಗೆ ಬಿಸಿ ಏರುವುದನ್ನು ಜಾಸ್ತಿ ಮಾಡುತ್ತವೆ, ಯಾವುದಾದ ಮೇಲೆ ಬರುತ್ತದೆ ಅಂತ ವಾರ ಗಮನಿಸಿ. ತೀರಾ ನಿದ್ದೆ ಕೆಡುತ್ತಿದ್ದರೆ ಇದಕ್ಕೂ ಮಾತ್ರೆಗಳಿವೆ, ಡಾಕ್ಟರನ್ನು ಕೇಳಬೇಕು. ಅಂಗಡಿಯಿಂದ ನೀವೇ ತರಬೇಡಿ. ಅಳು, ಮಂಕು ಎರಡು ವಾರ ಬಿಡದೆ ಇದ್ದರೆ, ‘ಬದುಕಿ ಏನು ಪ್ರಯೋಜನ’ ಅನ್ನುವ ಮಾತು ಬಾಯಲ್ಲಿ ಬಂದರೆ, ತಡ ಮಾಡದೆ ಕರೆದುಕೊಂಡು ಹೋಗಿ.

ಶುಗರ್ ವಿಷಯದಲ್ಲಿ ಎಚ್ಚರ ಬೇಕು. ಇಂಜೆಕ್ಷನ್ ಶುಗರನ್ನು ಇನ್ನಷ್ಟು ಏರಿಸಬಹುದು. ಶುಗರ್ ಇಳಿಯಲಿ ಅಂತ ಆಪರೇಷನ್ ಮುಂದೆ ಹಾಕಿ, ಶುಗರ್ ಏರಿಸುವ ಇಂಜೆಕ್ಷನ್ ಕೊಟ್ಟ ಹಾಗಾಗಿದೆ ಇಲ್ಲಿ. ಅದಕ್ಕೇ ವಾರಕ್ಕೊಮ್ಮೆಯಾದರೂ ಚೆಕ್ ಮಾಡಿಸಿ, ಶುಗರ್ ಡಾಕ್ಟರಿಗೆ ಈ ಇಂಜೆಕ್ಷನ್ನಿನ ಹೆಸರು ತೋರಿಸಿ. ದಿನಾ ಬೆಳಗ್ಗೆ ಮುಕ್ಕಾಲು ಗಂಟೆ ನಡೆಯಲಿ, ಜೊತೆಗೆ ಸ್ವಲ್ಪ ಭಾರ ಎತ್ತುವ ವ್ಯಾಯಾಮ. ಅರ್ಧ ಬಕೆಟ್ ನೀರು ಎತ್ತಿ ಇಳಿಸಿದರೂ ಆಯಿತು. ಸುಸ್ತಾಗಿರುವವರಿಗೆ ವ್ಯಾಯಾಮ ಹೇಳುವುದು ವಿಚಿತ್ರ ಅನ್ನಿಸಬಹುದು, ಆದರೆ ಈ ಸುಸ್ತಿಗೆ ಅದಕ್ಕಿಂತ ಒಳ್ಳೆಯ ಔಷಧಿ ನಾನು ಕಂಡಿಲ್ಲ.

ಮೂಳೆಯ ಚಿಂತೆ ವರ್ಷಗಟ್ಟಲೆ ಇಂಜೆಕ್ಷನ್ ತೆಗೆದುಕೊಳ್ಳುವವರಿಗೆ. ಅವರಿಗೆ ಮೂಳೆ ಸಾಂದ್ರತೆಯ ಸ್ಕ್ಯಾನ್, ಕ್ಯಾಲ್ಸಿಯಂ, ವಿಟಮಿನ್ ಡಿ ಬೇಕಾಗುತ್ತದೆ. ನಿಮ್ಮವರಿಗೆ ರಾಗಿ ಮುದ್ದೆ, ಮೊಸರು ಸಾಕು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ, ಶುಗರ್ ಇರುವುದರಿಂದ ಮುದ್ದೆಯ ಗಾತ್ರ ಮಾತ್ರ ಚಿಕ್ಕದಿರಲಿ.

ಇದೆಲ್ಲ ಯಾವಾಗ ಹೋಗುತ್ತದೆ? ಮೂರು ತಿಂಗಳ ಇಂಜೆಕ್ಷನ್ ಅಂದರೆ ತೊಂಬತ್ತೊಂದನೇ ದಿನ ಎಲ್ಲ ಸರಿಯಾಗುತ್ತದೆ ಅಂತ ಅಲ್ಲ. ಹಾರ್ಮೋನ್ ನಿಧಾನವಾಗಿ ಏರುತ್ತದೆ, ಆಮೇಲೂ ಕೆಲವು ತಿಂಗಳು ಹಿಡಿಯಬಹುದು. ವಯಸ್ಸು ಹೆಚ್ಚಿದಷ್ಟೂ ತಡ. ಆದರೆ ಒಂದೇ ಇಂಜೆಕ್ಷನ್ ಆದವರಲ್ಲಿ ಹೆಚ್ಚಿನವರಿಗೆ ವಾಪಸ್ ಬರುತ್ತದೆ.

ಪ್ರಶ್ನೆ: ನನಗೆ ಆಪರೇಷನ್ ಆಗಿ ಒಂದು ವರ್ಷವಾಯಿತು, ಹಾರ್ಮೋನ್ ಕೊಡಲಿಲ್ಲ. ‘ಮುಂಚೆ ಕೊಟ್ಟರೆ ಉಪಯೋಗವಿಲ್ಲ’ ಅಂದರು. ಈಗ ನಮ್ಮ ಅಣ್ಣನಿಗೂ ಅದೇ ಕಾಯಿಲೆ. ಅವರಿಗೆ ರೇಡಿಯೇಷನ್ ಅಂತ ತೀರ್ಮಾನವಾಗಿದೆ, ಅದಕ್ಕೆ ಮುಂಚೆಯೇ ಇಂಜೆಕ್ಷನ್ ಶುರು ಮಾಡಿ ಎರಡು ವರ್ಷ ಮುಂದುವರಿಸಬೇಕಂತೆ. ಇಬ್ಬರು ಡಾಕ್ಟರಲ್ಲಿ ಯಾರದು ತಪ್ಪು?
– ಓದುಗರು, ಮಂಗಳೂರು

ಉತ್ತರ: ಇಬ್ಬರದೂ ಸರಿ. ಇದೇ ಇಂಜೆಕ್ಷನ್, ಇದೇ ಕಾಯಿಲೆ, ಆದರೆ ಜೊತೆಗಿರುವ ಚಿಕಿತ್ಸೆ ಬೇರೆ.

ಚಾಕು ಗ್ರಂಥಿಯನ್ನು ಎತ್ತಿ ಹೊರಗಿಡುತ್ತದೆ, ಅದಕ್ಕೆ ಹಾರ್ಮೋನಿನ ಸಹಾಯ ಬೇಕಿಲ್ಲ. ರೇಡಿಯೇಷನ್ ಗ್ರಂಥಿಯನ್ನು ಅಲ್ಲೇ ಇಟ್ಟು ಕಣಗಳ ಡಿಎನ್‌ಎ ಮುರಿಯುತ್ತದೆ. ಕ್ಯಾನ್ಸರ್ ಕಣಗಳು ಆ ಮುರಿದದ್ದನ್ನು ರಿಪೇರಿ ಮಾಡಿಕೊಳ್ಳಲು ನೋಡುತ್ತವೆ, ಆ ರಿಪೇರಿಗೆ ಗಂಡು ಹಾರ್ಮೋನ್ ನೆರವಾಗುತ್ತದೆ. ಹಾರ್ಮೋನ್ ಕಿತ್ತುಕೊಂಡರೆ ರಿಪೇರಿ ಕುಂಟುತ್ತದೆ, ಏಟು ನಾಟುತ್ತದೆ.

ಇದು ಬರೀ ಊಹೆ ಅಲ್ಲ. ಯುರೋಪಿನಲ್ಲಿ 1987ರಿಂದ 1995ರವರೆಗೆ 415 ಜನರ ಮೇಲೆ ಒಂದು ಪ್ರಯೋಗ ಮಾಡಿದರು. ಗ್ರಂಥಿಯ ಸುತ್ತಮುತ್ತ ಚಾಚಿದ, ಜೋರಾದ ಕ್ಯಾನ್ಸರ್ ಇದ್ದವರು. ಅರ್ಧ ಜನರಿಗೆ ರೇಡಿಯೇಷನ್ ಮಾತ್ರ, ಅರ್ಧ ಜನರಿಗೆ ರೇಡಿಯೇಷನ್ ಜೊತೆ ಮೂರು ವರ್ಷ ಗೋಸರೆಲಿನ್ ಇಂಜೆಕ್ಷನ್. ಹತ್ತು ವರ್ಷದ ನಂತರ ಬದುಕಿದ್ದವರು ಮೊದಲ ಗುಂಪಿನಲ್ಲಿ ನೂರಕ್ಕೆ ಸುಮಾರು 40, ಎರಡನೆಯದರಲ್ಲಿ 58. ಆಪರೇಷನ್ನಿಗೆ ಮುಂಚೆ ಕೊಟ್ಟಾಗ ಇಂಥ ಅಂಕಿ ಎಲ್ಲೂ ಬರಲಿಲ್ಲ. ಇಲ್ಲಿ ಬಂತು. ಅದಕ್ಕೇ ಅಣ್ಣನವರು ತಪ್ಪದೆ ತೆಗೆದುಕೊಳ್ಳಬೇಕು. ‘ತಮ್ಮನಿಗೆ ಇಲ್ಲದ್ದು ನನಗೇಕೆ’ ಅಂತ ನಡುವೆ ಬಿಟ್ಟುಬಿಡುವುದು ಬೇಡ. ಎಷ್ಟು ಕಾಲ ಅನ್ನುವುದು ಕಾಯಿಲೆಯ ಜೋರಿನ ಮೇಲೆ. ಮಧ್ಯಮ ಅಪಾಯದವರಿಗೆ ನಾಲ್ಕಾರು ತಿಂಗಳು ಸಾಕಾಗುತ್ತದೆ, ಜೋರಿದ್ದವರಿಗೆ ಒಂದೂವರೆಯಿಂದ ಮೂರು ವರ್ಷ.

ಒಂದೇ ತಾಯಿಯ ಇಬ್ಬರು ಮಕ್ಕಳಿಗೆ ಬಂದಿದೆ ಅಂತ ಬರೆದಿದ್ದೀರಿ. ನಿಮ್ಮಿಬ್ಬರ ಗಂಡುಮಕ್ಕಳಿಗೆ 45 ವರ್ಷ ಆದಮೇಲೆ ಪಿಎಸ್‌ಎ ಮಾಡಿಸುವ ಬಗ್ಗೆ ಡಾಕ್ಟರ ಜೊತೆ ಮಾತಾಡಿ. ನಿಮ್ಮ ತಾಯಿ, ಅಕ್ಕತಂಗಿಯರ ಕಡೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಯಾರಿಗಾದರೂ ಇದ್ದರೆ ಅದನ್ನೂ ಹೇಳಿ. ಕೆಲವು ಮನೆಗಳಲ್ಲಿ ಈ ಕಾಯಿಲೆಗಳು ಒಂದೇ ಜೀನಿನ ದೋಷದಿಂದ ಬರುತ್ತವೆ.

ಪ್ರಶ್ನೆ: ಹೇಳಿಕೊಳ್ಳಲು ನಾಚಿಕೆ, ಆದರೂ ಬರೆಯುತ್ತಿದ್ದೇನೆ. ನನಗೆ 61 ವರ್ಷ. ಪಿಎಸ್‌ಎ 6, ಬಯಾಪ್ಸಿಯಲ್ಲಿ ಹನ್ನೆರಡು ಚೂರಿನಲ್ಲಿ ಒಂದರಲ್ಲಿ ಮಾತ್ರ ಕ್ಯಾನ್ಸರ್, ಗ್ಲೀಸನ್ 3+3. ಒಂದು ಆಸ್ಪತ್ರೆಯಲ್ಲಿ ‘ಮೂರು ತಿಂಗಳು ಇಂಜೆಕ್ಷನ್ ಕೊಟ್ಟು ಕುಗ್ಗಿಸಿ ರೋಬೋಟ್‌ನಲ್ಲಿ ತೆಗೆಯೋಣ’ ಅಂದರು. ಇಂಜೆಕ್ಷನ್ ಆದರೆ ಗಂಡಸುತನ ಹೋಗುತ್ತದೆ ಅಂತ ಓದಿದೆ. ಹೆಂಡತಿಗೆ ಇನ್ನೂ ಏನೂ ಹೇಳಿಲ್ಲ. ಮುಂದಿನ ವಾರ ಬನ್ನಿ ಅಂದಿದ್ದಾರೆ.
– ಓದುಗರು, ಬೆಂಗಳೂರು

ಉತ್ತರ: ಬರೆದದ್ದು ಒಳ್ಳೆಯದಾಯಿತು. ನಾಚಿಕೆಪಡುವಂಥದ್ದು ಇದರಲ್ಲಿ ಏನೂ ಇಲ್ಲ.

ಮುಂದಿನ ವಾರ ಹೋಗಿ, ಆದರೆ ಇಂಜೆಕ್ಷನ್ ಹಾಕಿಸಿಕೊಳ್ಳಲಿಕ್ಕಲ್ಲ, ಮಾತಾಡಲಿಕ್ಕೆ. ನೀವು ಬರೆದ ಅಂಕಿಗಳು ಸರಿಯಾಗಿದ್ದರೆ ನಿಮ್ಮದು ಕಡಿಮೆ ಅಪಾಯದ ಕ್ಯಾನ್ಸರ್. ಇದಕ್ಕೆ ಹಾರ್ಮೋನ್ ಇಂಜೆಕ್ಷನ್ ಬೇಕಿಲ್ಲ. ಆಪರೇಷನ್ನೇ ಈಗ ಬೇಕಾ ಅನ್ನುವುದೂ ಯೋಚಿಸಬೇಕಾದ ಪ್ರಶ್ನೆ. ಇಂಥವರಲ್ಲಿ ಎಷ್ಟೋ ಜನರನ್ನು ಚಿಕಿತ್ಸೆ ಮಾಡದೆ ಕಣ್ಣಿಟ್ಟು ನೋಡಿಕೊಳ್ಳುತ್ತಾರೆ. ಆರು ತಿಂಗಳಿಗೊಮ್ಮೆ ಪಿಎಸ್‌ಎ, ಬೇಕಾದಾಗ ಎಂಆರ್‌ಐ, ಮತ್ತೆ ಬಯಾಪ್ಸಿ. ಏನಾದರೂ ಜೋರಾದರೆ ಆಗ ಆಪರೇಷನ್ ಅಥವಾ ರೇಡಿಯೇಷನ್. ಬ್ರಿಟನ್ನಿನಲ್ಲಿ 1,643 ಗಂಡಸರನ್ನು ಮೂರು ಗುಂಪು ಮಾಡಿ, ಕಣ್ಣಿಟ್ಟು ನೋಡುವುದು, ಆಪರೇಷನ್, ರೇಡಿಯೇಷನ್ ಅಂತ ಹಂಚಿ ಹದಿನೈದು ವರ್ಷ ಹಿಂಬಾಲಿಸಿದರು. 2023ರಲ್ಲಿ ಲೆಕ್ಕ ಹೊರಬಂತು. ಮೂರೂ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ತೀರಿಹೋದವರು ನೂರಕ್ಕೆ ಮೂವರ ಆಸುಪಾಸು. ಅವರಲ್ಲಿ ಎಲ್ಲರದೂ ನಿಮ್ಮಷ್ಟು ಸೌಮ್ಯದ್ದೂ ಆಗಿರಲಿಲ್ಲ.

ಅಂದರೆ ನಿಮಗೆ ಸಮಯ ಇದೆ. ಬಯಾಪ್ಸಿಯ ಸ್ಲೈಡನ್ನು ಇನ್ನೊಬ್ಬ ಪೆಥಾಲಜಿಸ್ಟ್ ಹತ್ತಿರ ತೋರಿಸಿ. ಎಂಆರ್‌ಐ ಆಗಿಲ್ಲದಿದ್ದರೆ ಮಾಡಿಸಿ. ಬೆಂಗಳೂರಿನಲ್ಲೇ ಇದ್ದೀರಿ, ಕಿದ್ವಾಯಿ ಆಸ್ಪತ್ರೆಯಲ್ಲಾಗಲಿ ಬೇರೆ ಎಲ್ಲಾದರೂ ಆಗಲಿ ಎರಡನೇ ಅಭಿಪ್ರಾಯ ತೆಗೆದುಕೊಳ್ಳುವುದು ಕಷ್ಟವಲ್ಲ. ಎರಡು ತಿಂಗಳು ತಡವಾದರೆ ನಿಮ್ಮ ಕಾಯಿಲೆ ಕೈಮೀರುವುದಿಲ್ಲ. ಹಾಕಿಸಿಕೊಂಡ ಇಂಜೆಕ್ಷನ್ ಮಾತ್ರ ವಾಪಸ್ ತೆಗೆಯಲಾಗುವುದಿಲ್ಲ. ಅದು ಅಕ್ಕಿಕಾಳಿನಷ್ಟು ಸಣ್ಣ ಕಡ್ಡಿ ಅಥವಾ ಪುಡಿ ಕರಗಿಸಿದ ದ್ರವ, ಚರ್ಮದ ಕೆಳಗೋ ಮಾಂಸಖಂಡಕ್ಕೋ ಹೋಗಿ ಕೂತು ತಿಂಗಳುಗಟ್ಟಲೆ ಕರಗುತ್ತಾ ಇರುತ್ತದೆ.

ಗಂಡಸುತನದ ಪ್ರಶ್ನೆಗೆ ನೇರ ಉತ್ತರ. ಇಂಜೆಕ್ಷನ್ ಇರುವಷ್ಟು ಕಾಲ ಆಸೆ ಕಡಿಮೆಯಾಗುತ್ತದೆ, ಹೆಚ್ಚಿನವರಿಗೆ ಪೂರ್ತಿ ಹೋಗುತ್ತದೆ. ಔಷಧಿಯ ಬಲ ಇಳಿದ ಮೇಲೆ ಬಹುತೇಕರಿಗೆ ಮರಳುತ್ತದೆ. ಆಪರೇಷನ್ನಿನದು ಬೇರೆ ಲೆಕ್ಕ. ಅಲ್ಲಿ ಆಸೆ ಉಳಿದಿರುತ್ತದೆ, ನರಗಳಿಗೆ ಪೆಟ್ಟಾದರೆ ನಿಮಿರುವಿಕೆಗೆ ತೊಂದರೆ. ಎರಡನ್ನೂ ಬೇರೆ ಬೇರೆಯಾಗಿ ಕೇಳಿ ತಿಳಿದುಕೊಳ್ಳಿ.

ಹೆಂಡತಿಗೆ ಇವತ್ತು ರಾತ್ರಿಯೇ ಹೇಳಿ. ನೀವು ಮುಚ್ಚಿಟ್ಟಿದ್ದೀರಿ ಅನ್ನುವುದು ಅವರಿಗೆ ಆಗಲೇ ಗೊತ್ತಾಗಿರುತ್ತದೆ, ಏನನ್ನು ಅಂತ ಮಾತ್ರ ಗೊತ್ತಿರುವುದಿಲ್ಲ. ಮುಂದಿನ ವಾರ ಅವರನ್ನೂ ಕರೆದುಕೊಂಡು ಹೋಗಿ. ಇಬ್ಬರು ಕೇಳಿಸಿಕೊಂಡರೆ ಡಾಕ್ಟರ ಮಾತಿನಲ್ಲಿ ಒಬ್ಬರಿಗೆ ತಪ್ಪಿದ್ದು ಇನ್ನೊಬ್ಬರಿಗೆ ನೆನಪಿರುತ್ತದೆ.

ಪ್ರಶ್ನೆ: ನಮ್ಮ ಮಾವನಿಗೆ 74. ಕ್ಯಾನ್ಸರ್ ಮೂಳೆಗೆ ಹರಡಿದೆ, ಪಿಎಸ್‌ಎ 300 ದಾಟಿದೆ. ಆಪರೇಷನ್ ಆಗುವುದಿಲ್ಲ, ಇಂಜೆಕ್ಷನ್ ಅಥವಾ ಬೀಜ ತೆಗೆಸುವುದು ಎರಡರಲ್ಲಿ ಒಂದು ಅಂದರು. ಬೀಜ ತೆಗೆಸುವುದಕ್ಕೆ ಮನೆಯಲ್ಲಿ ಯಾರೂ ಒಪ್ಪುತ್ತಿಲ್ಲ. ಇಂಜೆಕ್ಷನ್ ಖರ್ಚು ನಮಗೆ ಕಷ್ಟ.
– ಓದುಗರು, ಕೊಪ್ಪಳ ಜಿಲ್ಲೆ

ಉತ್ತರ: ಮಾವನವರಿಗೆ ಈ ಔಷಧಿ ಆಪರೇಷನ್ನಿಗೆ ಮುಂಚಿನ ತಯಾರಿ ಅಲ್ಲ, ಅದೇ ಮುಖ್ಯ ಚಿಕಿತ್ಸೆ. ಆದಷ್ಟು ಬೇಗ ಶುರುವಾಗಬೇಕು.

ಬೀಜ ತೆಗೆಸುವುದು ಹಿಂದುಳಿದ ಚಿಕಿತ್ಸೆ ಅಂತ ಅಂದುಕೊಳ್ಳಬೇಡಿ. ಈ ಕ್ಯಾನ್ಸರಿಗೆ ಗಂಡು ಹಾರ್ಮೋನೇ ಆಹಾರ ಅನ್ನುವುದು ಜಗತ್ತಿಗೆ ಗೊತ್ತಾದದ್ದೇ ಅದರಿಂದ. 1941ರಲ್ಲಿ ಚಿಕಾಗೋದ ಚಾರ್ಲ್ಸ್ ಹಗಿನ್ಸ್ ಮತ್ತು ಅವರ ಸಂಗಡಿಗರು, ಮೂಳೆಗೆ ಹರಡಿ ನೋವಿನಿಂದ ನರಳುತ್ತಿದ್ದವರ ವೃಷಣ ತೆಗೆದಾಗ ನೋವು ಇಳಿದದ್ದನ್ನು ತೋರಿಸಿದರು. 1966ರಲ್ಲಿ ಹಗಿನ್ಸ್‌ಗೆ ನೊಬೆಲ್ ಬಂತು. ಇಂಜೆಕ್ಷನ್‌ಗಳು ಬಂದದ್ದು 1980ರ ದಶಕದಲ್ಲಿ. ಎರಡೂ ಮಾಡುವ ಕೆಲಸ ಒಂದೇ.

ಇದು ಅರ್ಧ ಗಂಟೆಯ ಸಣ್ಣ ಆಪರೇಷನ್. ಚೀಲ ಹಾಗೇ ಇರುತ್ತದೆ. ಹೊರಗಿನ ಪದರ ಉಳಿಸಿ ಒಳಗಿನ ತಿರುಳನ್ನಷ್ಟೇ ತೆಗೆಯುವ ವಿಧಾನವೂ ಇದೆ, ಆಗ ಮುಟ್ಟಿದರೂ ಪೂರ್ತಿ ಖಾಲಿ ಅನ್ನಿಸುವುದಿಲ್ಲ. ಒಂದೇ ಸಲದ ಖರ್ಚು, ಮೂರು ತಿಂಗಳಿಗೊಮ್ಮೆ ಊರಿಂದ ಪಟ್ಟಣಕ್ಕೆ ಓಡಾಡುವುದಿಲ್ಲ, ದುಡ್ಡಿಲ್ಲ ಅಂತ ಒಂದು ಡೋಸ್ ತಪ್ಪುವ ಭಯ ಇಲ್ಲ. ಡೋಸ್ ತಪ್ಪಿಸಿಕೊಂಡು ಮತ್ತೆ ನೋವು ತಂದುಕೊಂಡವರನ್ನು ನೋಡಿ ನೋಡಿ, ದುಡ್ಡಿನ ತೊಂದರೆ ಇರುವ ಮನೆಗೆ ನಾನು ಇದನ್ನೇ ಮೊದಲು ಹೇಳುತ್ತೇನೆ. ಆದರೆ ಒಪ್ಪಬೇಕಾದವರು ಮಾವನವರು. ಸುತ್ತ ನಿಂತವರ ಮಾತಿಗಿಂತ ಅವರ ಮಾತು ಕೇಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಯಾವುದು ಸಿಗುತ್ತದೆ ಅಂತ ಆಸ್ಪತ್ರೆಯ ಕೌಂಟರಿನಲ್ಲಿ ಮೊದಲೇ ವಿಚಾರಿಸಿ.

ಇಂಜೆಕ್ಷನ್ನನ್ನೇ ಆರಿಸಿಕೊಂಡರೆ ಒಂದು ಎಚ್ಚರ. ಸಾಮಾನ್ಯವಾಗಿ ಕೊಡುವ ಲ್ಯೂಪ್ರೊಲೈಡ್, ಗೋಸರೆಲಿನ್ ಜಾತಿಯವು ಮೊದಲ ಒಂದೆರಡು ವಾರ ಹಾರ್ಮೋನನ್ನು ಇಳಿಸುವ ಬದಲು ಏರಿಸುತ್ತವೆ, ಆಮೇಲೆ ಇಳಿಸುತ್ತವೆ. ಬೆನ್ನುಮೂಳೆಯಲ್ಲಿ ಕ್ಯಾನ್ಸರ್ ಇದ್ದವರಿಗೆ ಆ ಒಂದೆರಡು ವಾರವೇ ಅಪಾಯ. ಅದಕ್ಕೆ ಕೆಲವು ದಿನ ಮುಂಚಿನಿಂದ ಬೈಕಲುಟಮೈಡ್ ಮಾತ್ರೆ ಕೊಟ್ಟು ತಡೆಯುತ್ತಾರೆ. ಆ ಮಾತ್ರೆ ಬಿಡದೆ ನುಂಗಿಸಿ. ಡೆಗರೆಲಿಕ್ಸ್ ಅನ್ನುವ ಇಂಜೆಕ್ಷನ್ನಿಗೆ ಈ ತೊಂದರೆ ಇಲ್ಲ, ಆದರೆ ತಿಂಗಳಿಗೊಮ್ಮೆ ಬೇಕು. ಈ ನಡುವೆ ಮಾವನವರಿಗೆ ಕಾಲಿನಲ್ಲಿ ಬಲ ಕಡಿಮೆಯಾದರೆ, ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ‘ನಾಳೆ ನೋಡೋಣ’ ಅನ್ನಬೇಡಿ. ರಾತ್ರಿ ಹನ್ನೆರಡಾದರೂ ಗಾಡಿ ಮಾಡಿಕೊಂಡು ದೊಡ್ಡಾಸ್ಪತ್ರೆಗೆ ಹೋಗಿ. ಬೆನ್ನುಹುರಿ ಒತ್ತಿಕೊಂಡು ಕಾಲು ಒಮ್ಮೆ ಪೂರ್ತಿ ಬಿದ್ದುಹೋದರೆ ಮತ್ತೆ ನಡೆಸುವುದು ತುಂಬ ಕಷ್ಟ.

ಪ್ರಶ್ನೆ: ಪ್ರಾಸ್ಟೇಟ್ ಊತಕ್ಕೆ ಎರಡು ವರ್ಷದಿಂದ ಮಾತ್ರೆ ನುಂಗುತ್ತಿದ್ದೇನೆ. ಪಿಎಸ್‌ಎ 5 ಇದ್ದದ್ದು 2.8 ಆಗಿದೆ. ನಿಶ್ಚಿಂತೆಯಿಂದ ಇರಬಹುದಲ್ಲ?
– ಓದುಗರು, ಧಾರವಾಡ

ಉತ್ತರ: ಮಾತ್ರೆಯ ಶೀಟ್ ತಿರುಗಿಸಿ ಹೆಸರು ಓದಿ. ಅದರಲ್ಲಿ ಡುಟಾಸ್ಟೆರೈಡ್ ಅಥವಾ ಫಿನಾಸ್ಟೆರೈಡ್ ಇದ್ದರೆ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುವುದು ಆ ಔಷಧಿಯ ಗುಣ. ನಿಮ್ಮ 2.8 ಅನ್ನು ಎರಡರಿಂದ ಗುಣಿಸಿ 5.6 ಅಂತಲೇ ಓದಬೇಕು. ಬರೀ ಟ್ಯಾಮ್ಸುಲೋಸಿನ್ ಇದ್ದರೆ ಗುಣಿಸುವುದು ಬೇಡ, ಅದು ಪಿಎಸ್‌ಎ ಮುಟ್ಟುವುದಿಲ್ಲ. ಎಷ್ಟೋ ಮಾತ್ರೆಗಳಲ್ಲಿ ಎರಡೂ ಸೇರಿರುತ್ತವೆ. ಲ್ಯಾಬ್‌ನವರಿಗೆ ನೀವು ಯಾವ ಮಾತ್ರೆ ನುಂಗುತ್ತೀರಿ ಅಂತ ಗೊತ್ತಿರುವುದಿಲ್ಲ, ರಿಪೋರ್ಟಿನಲ್ಲಿ ‘ನಾರ್ಮಲ್’ ಅಂತ ಅಚ್ಚಾಗಿ ಬಂದುಬಿಡುತ್ತದೆ. ಶೀಟನ್ನೂ ಹಳೆಯ ರಿಪೋರ್ಟುಗಳನ್ನೂ ಒಟ್ಟಿಗೆ ತೆಗೆದುಕೊಂಡು ಈ ವಾರವೇ ಯೂರಾಲಜಿಸ್ಟ್ ಹತ್ತಿರ ಹೋಗಿ ಬನ್ನಿ.